ಹಡಗಿನ ಬ್ರಿಜ್: ಕಣ್ಣು, ಕಿವಿ, ನಾಲಗೆಗಳ ಪಾಠ

ಸಮುದ್ರವೆಂದರೆ ನಮ್ಮಲ್ಲಿ ಬಹುಮಂದಿಗೆ ಭೂಪಟದಲ್ಲಿ ನೀಲಿ ಬಣ್ಣ ಬಳಿದ ಜಾಗ. ತಾಳವಾಡಿಯ ಈ ಬೆಟ್ಟದ ಸೀಮೆಯಲ್ಲಿ ಹುಟ್ಟಿ ಬೆಳೆದವರಲ್ಲಿ ಅದನ್ನು ಕಣ್ಣಾರೆ ಕಂಡವರು ಕಡಮೆ. ಹಡಗು ಹತ್ತಿದವರು ಇನ್ನೂ ಕಡಮೆ. ಆದರೂ ಹಡಗನ್ನು ಕುರಿತ ಒಂದು ಪಾಠವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಅದಕ್ಕೆ ಕಾರಣವಿದೆ. ಹಡಗನ್ನು ನಡೆಸುವ ಕೋಣೆಯ ಕೆಲಸವೆಲ್ಲ ಎರಡು ಅಭ್ಯಾಸಗಳ ಮೇಲೆ ನಿಂತಿದೆ: ಎಚ್ಚರದಿಂದ ನೋಡುವುದು ಒಂದು, ಕೇಳಿದ ಮಾತನ್ನು ಮರಳಿ ನುಡಿದು ಖಚಿತಪಡಿಸಿಕೊಳ್ಳುವುದು ಇನ್ನೊಂದು. ಮೊದಲನೆಯದರಲ್ಲಿ ನಮ್ಮ ಊರಿನ ರೈತರು ಯಾರಿಗೂ ಕಡಮೆಯಲ್ಲ. ಎರಡನೆಯದು ನಮ್ಮ ಮಕ್ಕಳಲ್ಲಿ ಇನ್ನೂ ಬೆಳೆಯಬೇಕಾಗಿದೆ. ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ಇದನ್ನು ಒಟ್ಟಿಗೆ ಕುಳಿತು ಓದಬೇಕೆಂಬುದು ನಮ್ಮ ಬಯಕೆ.

1. ವಿಹಾರ ನೌಕೆ ಮತ್ತು ಮುಚ್ಚಿದ ಬಾಗಿಲು

ಸರಕು ಸಾಗಿಸುವ ಹಡಗು, ಯುದ್ಧನೌಕೆ, ಮೀನು ಹಿಡಿಯುವ ದೋಣಿ ಇವುಗಳ ಹೆಸರು ನಿಮಗೆ ಗೊತ್ತು. ಇವಲ್ಲದೆ ಜನರ ವಿಹಾರಕ್ಕೆಂದೇ ಕಟ್ಟಿದ ಹಡಗುಗಳುಂಟು. ಇವಕ್ಕೆ ಕ್ರೂಸ್ ಹಡಗುಗಳೆಂದು ಹೆಸರು. ಊಟದ ಮನೆ, ಮಲಗುವ ಕೋಣೆ, ನಾಟಕಶಾಲೆ, ಈಜುಕೊಳ ಎಲ್ಲವನ್ನೂ ಹೊತ್ತುಕೊಂಡು ಬಂದರಿನಿಂದ ಬಂದರಿಗೆ ತೇಲುವ ಹೋಟೆಲುಗಳೆಂದು ಇವನ್ನು ಹೇಳಬಹುದು. 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ, ಸುಮಾರು 211 ಮೀಟರ್ ಉದ್ದದ ‘ಎಂಪ್ರೆಸ್’ ಎಂಬ ಇಂತಹ ಹಡಗು 2021ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಭಾರತೀಯ ಪ್ರಯಾಣಿಕರನ್ನು ಕರೆದೊಯ್ಯಲು ಆರಂಭಿಸಿತು. ಕರ್ನಾಟಕದ ಪಣಂಬೂರಿನಲ್ಲಿ, 1974ರಲ್ಲಿ ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿತವಾದ ನವಮಂಗಳೂರು ಬಂದರಿಗೂ ಮಳೆಗಾಲ ಮುಗಿದ ಮೇಲೆ ಹೊರದೇಶದ ವಿಹಾರ ನೌಕೆಗಳು ಬಂದು ಹೋಗುತ್ತವೆ.

ಇಂತಹ ಹಡಗನ್ನು ನಡೆಸುವ ಕೋಣೆಗೆ ‘ಬ್ರಿಜ್’ ಎನ್ನುತ್ತಾರೆ. ಹಿಂದೆ ಪ್ರಯಾಣಿಕರು ಕೇಳಿದರೆ ಅದನ್ನು ತೋರಿಸುವ ರೂಢಿ ಅನೇಕ ಹಡಗುಗಳಲ್ಲಿತ್ತು. 2001ರ ಸೆಪ್ಟೆಂಬರ್ 11ರಂದು ಅಮೆರಿಕದಲ್ಲಿ ವಿಮಾನಗಳನ್ನು ಅಪಹರಿಸಿ ದಾಳಿ ನಡೆಸಿದ ಮೇಲೆ ಹಡಗುಗಳ ರಕ್ಷಣೆಯ ನಿಯಮಗಳೂ ಬಿಗಿಯಾದವು. ಹಡಗು ಮತ್ತು ಬಂದರುಗಳ ಭದ್ರತೆಯ ಅಂತರರಾಷ್ಟ್ರೀಯ ಸಂಹಿತೆ 2004ರ ಜುಲೈ 1ರಿಂದ ಜಾರಿಗೆ ಬಂತು. ಬ್ರಿಜ್‌ನ ಬಾಗಿಲು ಸಾಮಾನ್ಯರಿಗೆ ಮುಚ್ಚಿತು. ಈಗ ಕೆಲವು ಕಂಪೆನಿಗಳು ‘ತೆರೆಮರೆಯ ದರ್ಶನ’ವೆಂದು ಒಂದು ಚಿಕ್ಕ ಗುಂಪನ್ನು, ಪ್ರತ್ಯೇಕ ಹಣ ಪಡೆದು, ಮೈ ಮತ್ತು ಚೀಲ ತಪಾಸಣೆ ಮಾಡಿ, ಅಡಿಗೆಮನೆ, ಬಟ್ಟೆ ಒಗೆಯುವ ಮನೆ, ಎಂಜಿನ್ ನಿಯಂತ್ರಣದ ಕೋಣೆ ಇವುಗಳನ್ನು ತೋರಿಸಿ ಕೊನೆಗೆ ಬ್ರಿಜ್‌ಗೆ ಕರೆದೊಯ್ಯುತ್ತವೆ. ಅಲ್ಲಿಯೂ ಹೇಳಿದ ಜಾಗದಲ್ಲಿ ನಿಲ್ಲಬೇಕು, ಯಾವುದನ್ನೂ ಮುಟ್ಟಬಾರದು. ಇಷ್ಟೊಂದು ಕಟ್ಟುಪಾಡು ಏಕೆಂಬುದು ಮುಂದೆ ತಿಳಿಯುತ್ತದೆ. ಬನ್ನಿ, ಮನಸ್ಸಿನಲ್ಲಿಯೇ ನಾವೂ ಆ ಗುಂಪಿನೊಡನೆ ಒಳಗೆ ಹೋಗಿ ನೋಡೋಣ.

2. ‘ಸೇತುವೆ’ ಎಂಬ ಹೆಸರು ಹೇಗೆ ಬಂತು?

ಬ್ರಿಜ್ ಎಂದರೆ ಸೇತುವೆ. ನೀರಿನ ಮೇಲೆ ತೇಲುವ ಹಡಗಿನೊಳಗೆ ಸೇತುವೆ ಎಲ್ಲಿಂದ ಬಂತು? ಗಾಳಿಯ ಬಲದಿಂದ ಚಲಿಸುವ ಹಾಯಿ ಹಡಗುಗಳ ಕಾಲದಲ್ಲಿ ಕಪ್ತಾನನು ಹಿಂಭಾಗದ ಎತ್ತರದ ಅಟ್ಟದಲ್ಲಿ ನಿಂತು ಆಜ್ಞೆ ಕೊಡುತ್ತಿದ್ದ. ಹತ್ತೊಂಬತ್ತನೆಯ ಶತಮಾನದಲ್ಲಿ ಉಗಿಯಂತ್ರದ ಹಡಗುಗಳು ಬಂದವು. ಅವುಗಳ ಎರಡು ಮಗ್ಗುಲಿಗೂ ನೀರನ್ನು ಹಿಂದಕ್ಕೆ ತಳ್ಳುವ ದೊಡ್ಡ ಚಕ್ರಗಳಿದ್ದವು. ಚಕ್ರಗಳಿಗೆ ಹೊದಿಸಿದ ಎತ್ತರದ ಗೂಡುಗಳು ದಾರಿಯನ್ನು ಮರೆಮಾಡುತ್ತಿದ್ದವು. ಆದ್ದರಿಂದ ಒಂದು ಗೂಡಿನಿಂದ ಇನ್ನೊಂದಕ್ಕೆ ಕಾಲುಸೇತುವೆ ಹಾಕಿ, ಅಧಿಕಾರಿ ಅದರ ಮೇಲೆ ನಡೆದಾಡುತ್ತ ಎರಡು ಚಕ್ರಗಳನ್ನೂ ಮುಂದಿನ ದಾರಿಯನ್ನೂ ನೋಡಿಕೊಳ್ಳತೊಡಗಿದ. ಮುಂದೆ ನೀರಿನೊಳಗೆ ತಿರುಗುವ ಪಂಖಗಳು ಬಂದು ಮಗ್ಗುಲಿನ ಚಕ್ರಗಳು ಹೋದವು. ಆ ಕಾಲುಸೇತುವೆಯೂ ಹೋಯಿತು. ಹೆಸರು ಮಾತ್ರ ಉಳಿಯಿತು. ವಸ್ತು ಹೋದ ಮೇಲೂ ಮಾತು ಉಳಿಯುವುದು ಭಾಷೆಯ ಗುಣ. ಇಂದು ಹಡಗನ್ನೇ ಕಾಣದವರು ಕೂಡ ‘ಆಡಳಿತದ ಚುಕ್ಕಾಣಿ ಹಿಡಿದರು’ ಎಂದು ಬರೆಯುತ್ತಾರಲ್ಲವೇ?

3. ಒಳಗಿನ ನೋಟ

ಮೊದಲು ಕಣ್ಣಿಗೆ ಬೀಳುವುದು ಗಾಜು. ಹಡಗಿನ ಮುಂಭಾಗದಲ್ಲಿ, ಎತ್ತರದ ಅಂತಸ್ತಿನಲ್ಲಿ, ಈ ಮಗ್ಗುಲಿನಿಂದ ಆ ಮಗ್ಗುಲಿನವರೆಗೆ ಉದ್ದಕ್ಕೂ ಕಿಟಕಿಗಳು. ಎರಡು ತುದಿಗಳೂ ಹಡಗಿನ ಪಕ್ಕಕ್ಕೆ ರೆಕ್ಕೆಗಳಂತೆ ಚಾಚಿಕೊಂಡಿರುತ್ತವೆ. ಹಡಗನ್ನು ಬಂದರಿನ ಕಟ್ಟೆಗೆ ತಾಗದಂತೆ ನಿಲ್ಲಿಸುವಾಗ ಕಪ್ತಾನನು ಈ ರೆಕ್ಕೆಯಲ್ಲಿ ನಿಂತು ಕೆಳಗಿನ ನೀರನ್ನು ನೇರವಾಗಿ ನೋಡುತ್ತಾನೆ.

ಎರಡನೆಯದು ಚುಕ್ಕಾಣಿಯ ಚಕ್ರ. ಚಿತ್ರಗಳಲ್ಲಿ ಕಾಣುವ ಆಳೆತ್ತರದ ಮರದ ಚಕ್ರ ಈಗಿಲ್ಲ. ನಮ್ಮೂರಿನ ಬಸ್ಸಿನ ಸ್ಟೀರಿಂಗಿಗಿಂತಲೂ ಚಿಕ್ಕ ಚಕ್ರವೊಂದು ಇರುತ್ತದೆ. ಅದು ಸಂಕೇತವನ್ನು ಮಾತ್ರ ಕಳಿಸುತ್ತದೆ. ಹಿಂಭಾಗದ ಭಾರವಾದ ಚುಕ್ಕಾಣಿಯನ್ನು ತಿರುಗಿಸುವ ಕೆಲಸ ಯಂತ್ರದ್ದು. ವಿಶಾಲ ಸಮುದ್ರದಲ್ಲಿ ಹಿಡಿದ ದಿಕ್ಕನ್ನು ಕಾಯುವ ಕೆಲಸವನ್ನೂ ಯಂತ್ರಕ್ಕೇ ಒಪ್ಪಿಸುವುದುಂಟು.

ಮೂರನೆಯದು ಪರದೆಗಳು. ಸುತ್ತಲಿನ ಹಡಗುಗಳನ್ನೂ ದಡವನ್ನೂ ರೇಡಿಯೋ ಅಲೆಗಳ ಪ್ರತಿಧ್ವನಿಯಿಂದ ತೋರಿಸುವ ರಾಡಾರ್. ಕಾಗದದ ನಕಾಶೆಯ ಜಾಗದಲ್ಲಿ ವಿದ್ಯುನ್ಮಾನ ನಕಾಶೆ. ಉಪಗ್ರಹಗಳಿಂದ ಸ್ಥಾನ ತಿಳಿಸುವ ಜಿ.ಪಿ.ಎಸ್.; ತಳದ ಆಳ ಅಳೆಯುವ ಉಪಕರಣ; ಇತರ ಹಡಗುಗಳೊಡನೆ ಮಾತಾಡುವ ರೇಡಿಯೋ; ಕೋಣೆಯ ಮಾತುಗಳನ್ನೂ ರಾಡಾರ್ ಚಿತ್ರವನ್ನೂ ದಾಖಲಿಸಿಡುವ ಯಂತ್ರ. ಇಷ್ಟೆಲ್ಲ ಇದ್ದರೂ ಕಾಂತದ ಮುಳ್ಳಿನ ಹಳೆಯ ದಿಕ್ಸೂಚಿಯನ್ನು ಹಡಗು ಇಂದಿಗೂ ಇಟ್ಟುಕೊಂಡಿರಲೇಬೇಕು. ವಿದ್ಯುತ್ತು ನಿಂತರೂ ಅದು ನಿಲ್ಲುವುದಿಲ್ಲ.

ಹಡಗಿನ ವೇಗವನ್ನು ‘ನಾಟ್’ ಎಂಬ ಮಾನದಿಂದ ಹೇಳುತ್ತಾರೆ. ಹಾಗೆಂದರೆ ಗಂಟು. ಹಿಂದೆ ಸಮಾನ ದೂರಗಳಲ್ಲಿ ಗಂಟು ಹಾಕಿದ ಹಗ್ಗವನ್ನು ನೀರಿಗೆ ಬಿಟ್ಟು, ಮರಳು ಗಡಿಯಾರ ಖಾಲಿಯಾಗುವಷ್ಟರಲ್ಲಿ ಎಷ್ಟು ಗಂಟು ಕೈಯಿಂದ ಜಾರಿತೆಂದು ಎಣಿಸುತ್ತಿದ್ದರು. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್. ಇಪ್ಪತ್ತು ನಾಟ್ ಎಂದರೆ ಗಂಟೆಗೆ ಸುಮಾರು 37 ಕಿಲೋಮೀಟರ್. ಇದು ನಮ್ಮ ಬಸ್ಸಿಗೆ ದೊಡ್ಡ ವೇಗವಲ್ಲ. ಆದರೆ ಬಸ್ಸು ಬ್ರೇಕ್ ಒತ್ತಿದರೆ ನಿಲ್ಲುತ್ತದೆ. ಆ ವೇಗದಲ್ಲಿ ಹೋಗುವ ದೊಡ್ಡ ಹಡಗು ಎಂಜಿನನ್ನು ನಿಲ್ಲಿಸಿದ ಮೇಲೂ ಒಂದು ಮೈಲಿಗೆ ಮಿಕ್ಕಿ ಸಾಗುವುದುಂಟು. ಆದ್ದರಿಂದ ಅಪಾಯವನ್ನು ಹತ್ತಿರ ಬಂದ ಮೇಲೆ ಕಂಡರೆ ಪ್ರಯೋಜನವಿಲ್ಲ, ದೂರದಿಂದಲೇ ಕಾಣಬೇಕು.

4. ಕಣ್ಣು: ಅಟ್ಟಣೆಯ ಕಾವಲು

ಸಮುದ್ರದಲ್ಲಿ ಡಿಕ್ಕಿಗಳನ್ನು ತಪ್ಪಿಸಲು 1972ರಲ್ಲಿ ಅಂತರರಾಷ್ಟ್ರೀಯ ನಿಯಮಗಳನ್ನು ರಚಿಸಿದರು. 1977ರಲ್ಲಿ ಅವು ಜಾರಿಗೆ ಬಂದವು. ಅವುಗಳಲ್ಲಿ ಐದನೆಯ ನಿಯಮದ ಸಾರವಿಷ್ಟು: ಪ್ರತಿಯೊಂದು ಹಡಗೂ ಎಲ್ಲ ಹೊತ್ತಿನಲ್ಲಿಯೂ ಕಣ್ಣಿನಿಂದ, ಕಿವಿಯಿಂದ ಮತ್ತು ದೊರೆತ ಎಲ್ಲ ಸಾಧನಗಳಿಂದ ತಕ್ಕ ಕಾವಲು ನಡೆಸಬೇಕು. ಸಾಧನಗಳಿಗಿಂತ ಮೊದಲು ಹೇಳಿರುವುದು ಕಣ್ಣು ಕಿವಿಗಳನ್ನು ಎಂಬುದನ್ನು ಗಮನಿಸಿ.

ಈ ಕೆಲಸ ನಮಗೆ ಅಪರಿಚಿತವಲ್ಲ. ಸತ್ಯಮಂಗಲದ ಕಾಡಿನಂಚಿನ ಹೊಲಗಳಲ್ಲಿ ಜೋಳ, ಕಬ್ಬು, ಬಾಳೆ ಬೆಳೆದವರು ಆನೆಗೆ ಅಂಜಿ ಅಟ್ಟಣೆ ಕಟ್ಟಿ ಇರುಳೆಲ್ಲ ಕಾಯುತ್ತಾರೆ. ಅಟ್ಟಣೆಯನ್ನು ಎತ್ತರದಲ್ಲಿ ಏಕೆ ಕಟ್ಟುತ್ತಾರೆ? ರಕ್ಷಣೆಗೆಂಬುದು ಒಂದು ಉತ್ತರ. ದೂರ ಕಾಣಲೆಂಬುದು ಇನ್ನೊಂದು. ಬ್ರಿಜ್ ಎತ್ತರದಲ್ಲಿರುವುದೂ ದೂರ ಕಾಣಲೆಂದೇ. ಭೂಮಿ ಗುಂಡಾಗಿರುವುದರಿಂದ ಸಮುದ್ರದಲ್ಲಿ ಒಂದು ದೂರದಾಚೆಗೆ ನೀರು ಬಾಗಿ ಮರೆಯಾಗುತ್ತದೆ. ಕಣ್ಣು ನೀರಿನ ಮಟ್ಟದಿಂದ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತದ ದೂರ ಸುಮಾರಾಗಿ ಕಿಲೋಮೀಟರಿನಲ್ಲಿ ದೊರೆಯುತ್ತದೆ. ನಾಲ್ಕು ಮೀಟರ್ ಎತ್ತರದಿಂದ ನೋಡಿದರೆ ಸುಮಾರು 7 ಕಿಲೋಮೀಟರ್. ಇಪ್ಪತ್ತೈದು ಮೀಟರ್ ಎತ್ತರದ ಬ್ರಿಜ್‌ನಿಂದ ಸುಮಾರು 18 ಕಿಲೋಮೀಟರ್.

ಇರುಳಿನಲ್ಲಿ ಬ್ರಿಜ್ ಕತ್ತಲೆಯಾಗಿರುತ್ತದೆ. ಕೆಳಗಿನ ಅಂತಸ್ತುಗಳಲ್ಲಿ ದೀಪಾವಳಿಯಂತೆ ಬೆಳಕು. ಹಡಗನ್ನು ನಡೆಸುವ ಕೋಣೆಯಲ್ಲಿ ಮಾತ್ರ ಮಂದವಾಗಿಸಿದ ಪರದೆಗಳು. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಒಂದು ಕ್ಷಣದ ಬೆಳಕು ಅದನ್ನು ಕೆಡಿಸುತ್ತದೆ. ಬೆಂಕಿಯನ್ನೋ ಟಾರ್ಚನ್ನೋ ದಿಟ್ಟಿಸುತ್ತ ಕುಳಿತವನಿಗೆ ಹೊಲದಂಚಿನ ಆನೆ ಕಾಣದೆಂದು ನಿಮ್ಮ ತಾತಂದಿರು ಹೇಳುವುದೂ ಇದನ್ನೇ.

ಕಾವಲಿಗೆ ಪಾಳಿಯುಂಟು. ನಮ್ಮ ಹಿರಿಯರು ಹಗಲಿರುಳನ್ನು ಮೂರು ಮೂರು ಗಂಟೆಗಳ ಎಂಟು ಜಾವಗಳಾಗಿ ವಿಂಗಡಿಸಿದ್ದರು. ಹಡಗಿನವರದು ರೂಢಿಯಲ್ಲಿ ನಾಲ್ಕು ಗಂಟೆಗಳ ಆರು ಪಾಳಿ. ನಾಲ್ಕು ಗಂಟೆ ಕೆಲಸ, ಎಂಟು ಗಂಟೆ ಬಿಡುವು. ಕಾವಲಿನವನು ತೂಕಡಿಸಿದರೆ? ಅದಕ್ಕೂ ಉಪಾಯ ಮಾಡಿದ್ದಾರೆ. ಮೂರರಿಂದ ಹನ್ನೆರಡು ನಿಮಿಷಗಳೊಳಗೆ ಗೊತ್ತುಪಡಿಸಿದ ಒಂದು ಅವಧಿ ಮುಗಿದೊಡನೆ ಯಂತ್ರವೊಂದು ಎಚ್ಚರಿಸುತ್ತದೆ. ಗುಂಡಿ ಒತ್ತಿ ‘ಎಚ್ಚರವಾಗಿದ್ದೇನೆ’ ಎಂದು ತಿಳಿಸದಿದ್ದರೆ ಮೊದಲು ಬ್ರಿಜ್‌ನಲ್ಲಿ, ಆಮೇಲೆ ಇತರ ಅಧಿಕಾರಿಗಳ ಕೋಣೆಗಳಲ್ಲಿ ಗಂಟೆ ಬಾರಿಸುತ್ತದೆ.

5. ಎಡ, ಬಲ ಮತ್ತು ಕೊಂಬಿನ ಭಾಷೆ

ಇಬ್ಬರು ಎದುರುಬದುರಾಗಿ ನಿಂತರೆ ಒಬ್ಬನ ಎಡ ಇನ್ನೊಬ್ಬನ ಬಲ. ಹಡಗಿನಲ್ಲಿ ಈ ಗೊಂದಲ ಕೂಡದು. ಆದ್ದರಿಂದ ಹಡಗಿನ ಮುಂಭಾಗಕ್ಕೆ ಮುಖಮಾಡಿ ನಿಂತವನ ಬಲಮಗ್ಗುಲಿಗೆ ‘ಸ್ಟಾರ್‌ಬೋರ್ಡ್’, ಎಡಮಗ್ಗುಲಿಗೆ ‘ಪೋರ್ಟ್’ ಎಂದು ಹೆಸರು. ಯಾರು ಯಾವ ಕಡೆಗೆ ತಿರುಗಿ ನಿಂತರೂ ಅವು ಬದಲಾಗುವುದಿಲ್ಲ. ಎಡಮಗ್ಗುಲನ್ನು ಹಿಂದೆ ‘ಲಾರ್‌ಬೋರ್ಡ್’ ಎನ್ನುತ್ತಿದ್ದರು. ಬಿರುಗಾಳಿಯ ಸದ್ದಿನಲ್ಲಿ ಲಾರ್‌ಬೋರ್ಡ್, ಸ್ಟಾರ್‌ಬೋರ್ಡ್ ಎರಡೂ ಒಂದೇ ತರ ಕೇಳಿಸುತ್ತಿದ್ದವು. ಆದ್ದರಿಂದ 1844ರಲ್ಲಿ ಬ್ರಿಟಿಷ್ ನೌಕಾಪಡೆ ಹಳೆಯ ಶಬ್ದವನ್ನು ಬಿಟ್ಟು ಪೋರ್ಟ್ ಎಂಬುದನ್ನೇ ಬಳಸಬೇಕೆಂದು ಆಜ್ಞೆ ಮಾಡಿತು. ನಾವು ‘ಹಕ್ಕಿ’ಯನ್ನು ‘ಅಕ್ಕಿ’ ಎಂದರೆ ಕೇಳಿದವರು ನಕ್ಕು ಸುಮ್ಮನಾಗುತ್ತಾರೆ. ಸಮುದ್ರದಲ್ಲಿ ಅಂತಹ ತಪ್ಪಿಗೆ ಪ್ರಾಣವೇ ಬೆಲೆ.

ಇರುಳಿನಲ್ಲಿ ಎಡಮಗ್ಗುಲಿಗೆ ಕೆಂಪು ದೀಪ, ಬಲಮಗ್ಗುಲಿಗೆ ಹಸಿರು ದೀಪ. ಎದುರಿಗೆ ಎರಡೂ ಕಂಡರೆ ಹಡಗೊಂದು ನೇರವಾಗಿ ನಮ್ಮ ಕಡೆಗೇ ಬರುತ್ತಿದೆಯೆಂದು ಅರ್ಥ. ಆಗ ಎರಡೂ ಯಂತ್ರಹಡಗುಗಳು ತಮ್ಮ ತಮ್ಮ ಬಲಕ್ಕೆ ತಿರುಗಬೇಕು. ನಮ್ಮ ದೇಶದ ರಸ್ತೆಯಲ್ಲಿ ಎಡಕ್ಕೆ ಸರಿಯುವುದು ನಿಯಮ, ಸಮುದ್ರದಲ್ಲಿ ಬಲಕ್ಕೆ. ಕೆಂಪು ಹಸಿರುಗಳ ಭೇದ ತಿಳಿಯದ ಕಣ್ಣಿನವರನ್ನು ಈ ಕೆಲಸಕ್ಕೆ ತೆಗೆದುಕೊಳ್ಳದಿರುವುದು ಇದೇ ಕಾರಣದಿಂದ.

ಬಣ್ಣಾರಿಯಿಂದ ದಿಂಬಂ ಘಟ್ಟ ಹತ್ತುವಾಗ ಇಪ್ಪತ್ತೇಳು ತಿರುವುಗಳಲ್ಲಿ ನಮ್ಮ ಬಸ್ಸಿನ ಡ್ರೈವರು ಹಾರನ್ ಬಾರಿಸುವುದನ್ನು ಕೇಳಿದ್ದೀರಿ. ಎದುರಿನವರು ಕಾಣದ ತಿರುವಿನಲ್ಲಿ ಹಡಗೂ ಹಾಗೆಯೇ ನಾಲ್ಕರಿಂದ ಆರು ಸೆಕೆಂಡುಗಳ ಒಂದು ದೀರ್ಘ ಕೊಂಬು ಊದಬೇಕು. ಒಂದು ಹ್ರಸ್ವ ಕೊಂಬೆಂದರೆ ‘ಬಲಕ್ಕೆ ತಿರುಗುತ್ತಿದ್ದೇನೆ’. ಎರಡೆಂದರೆ ‘ಎಡಕ್ಕೆ ತಿರುಗುತ್ತಿದ್ದೇನೆ’. ಮೂರೆಂದರೆ ‘ಎಂಜಿನನ್ನು ಹಿಂದಕ್ಕೆ ನಡೆಸುತ್ತಿದ್ದೇನೆ’. ಐದು ಅಥವಾ ಹೆಚ್ಚು ಹ್ರಸ್ವ ಕೊಂಬುಗಳೆಂದರೆ ‘ನೀನು ಮಾಡುತ್ತಿರುವುದು ನನಗೆ ಅರ್ಥವಾಗಲಿಲ್ಲ’. ನೋಡಿದಿರಾ, ಅರ್ಥವಾಗಲಿಲ್ಲವೆಂದು ಗಟ್ಟಿಯಾಗಿ ಹೇಳುವುದು ಸಮುದ್ರದಲ್ಲಿ ನಾಚಿಕೆಯಲ್ಲ, ಕಾನೂನು.

6. ಕಿವಿ ಮತ್ತು ನಾಲಗೆ: ಮರುನುಡಿಯುವ ನಿಯಮ

ಬಂದರು ಹೊಗುವಾಗ, ಇಕ್ಕಟ್ಟಿನ ದಾರಿಯಲ್ಲಿ ಸಾಗುವಾಗ ಚಕ್ರ ಮನುಷ್ಯನ ಕೈಯಲ್ಲಿರುತ್ತದೆ. ಅಧಿಕಾರಿ ‘ಸ್ಟಾರ್‌ಬೋರ್ಡ್ ಟೆನ್’ ಎಂದರೆ ಚುಕ್ಕಾಣಿಯನ್ನು ಬಲಕ್ಕೆ ಹತ್ತು ಡಿಗ್ರಿ ತಿರುಗಿಸೆಂದು ಅರ್ಥ. ಚಕ್ರ ಹಿಡಿದವನು ‘ಆಗಲಿ ಸಾರ್’ ಎಂದರೆ ಸಾಲದು. ‘ಸ್ಟಾರ್‌ಬೋರ್ಡ್ ಟೆನ್’ ಎಂದು ಅದೇ ಮಾತನ್ನು ಮರಳಿ ನುಡಿದು, ಆಮೇಲೆ ತಿರುಗಿಸಿ, ಚುಕ್ಕಾಣಿ ಅಲ್ಲಿಗೆ ಮುಟ್ಟಿದ ಮೇಲೆ ಮತ್ತೆ ಹೇಳಬೇಕು. ಅಧಿಕಾರಿ ಅದನ್ನು ಕಿವಿಯಿಂದ ಕೇಳಿ, ಸೂಚಕದ ಮುಳ್ಳನ್ನು ಕಣ್ಣಿನಿಂದ ನೋಡಿ ಒಪ್ಪಬೇಕು. ದಿಕ್ಕಿನ ಸಂಖ್ಯೆಗಳನ್ನು ಬಿಡಿಬಿಡಿಯಾಗಿ ನುಡಿಯುತ್ತಾರೆ: 180 ಎಂಬುದು ‘ಒನ್ ಏಯ್ಟ್ ಝೀರೋ’.

ಒಂದೇ ಹಡಗಿನಲ್ಲಿ ಹತ್ತಾರು ದೇಶದವರು, ಹತ್ತಾರು ಮಾತೃಭಾಷೆಯವರು ಕೆಲಸ ಮಾಡುತ್ತಾರೆ. ಅದಕ್ಕಾಗಿ ಅಂತರರಾಷ್ಟ್ರೀಯ ಕಡಲ ಸಂಘಟನೆ 2001ರಲ್ಲಿ ಸರಳ ಇಂಗ್ಲಿಷಿನ ನುಡಿಗಟ್ಟುಗಳ ಒಂದು ಸಂಗ್ರಹವನ್ನು ಒಪ್ಪಿ ಪ್ರಕಟಿಸಿತು. ಅಲ್ಲಿ ಅಲಂಕಾರಕ್ಕೆ ಎಡೆಯಿಲ್ಲ. ಒಂದು ಮಾತಿಗೆ ಒಂದೇ ಅರ್ಥ.

7. ಎರಡು ಘಟನೆಗಳು

2012ರ ಜನವರಿ 13ರ ರಾತ್ರಿ, ಇಟಲಿಯ ಜೀಲ್ಯೋ ದ್ವೀಪದ ಬಳಿ, 4,229 ಜನರಿದ್ದ ‘ಕೋಸ್ಟಾ ಕಾಂಕೋರ್ಡಿಯಾ’ ಎಂಬ ವಿಹಾರ ನೌಕೆ ಬಂಡೆಗೆ ಬಡಿದು ಮಗುಚಿತು. 32 ಜನ ಸತ್ತರು. ದ್ವೀಪಕ್ಕೆ ವಂದನೆ ಸಲ್ಲಿಸುವ ನೆಪದಲ್ಲಿ ಕಪ್ತಾನನು ಹಡಗನ್ನು ದಡದ ತೀರ ಸಮೀಪಕ್ಕೆ ತಂದಿದ್ದ. ಬ್ರಿಜ್‌ನಲ್ಲಿ ಆಗ ಕೆಲಸವಿಲ್ಲದ ಜನರೂ ನಿಂತಿದ್ದರು. ಜೊತೆಯ ಅಧಿಕಾರಿಗಳು ಗಟ್ಟಿಯಾಗಿ ಎಚ್ಚರಿಸಲಿಲ್ಲ. ಕೊನೆಯ ಗಳಿಗೆಯಲ್ಲಿ ಕೊಟ್ಟ ಆಜ್ಞೆಯೊಂದನ್ನು ಚಕ್ರ ಹಿಡಿದವನು ತಪ್ಪಾಗಿ ತಿಳಿದು ಬೇರೆ ಕಡೆಗೆ ತಿರುಗಿಸಿದ. ಅದೊಂದೇ ಕಾರಣವಲ್ಲ, ಅಷ್ಟು ಹೊತ್ತಿಗೆ ಕಾಲ ಮೀರಿತ್ತು ಎಂದು ತನಿಖೆ ಹೇಳಿತು. 2015ರಲ್ಲಿ ನ್ಯಾಯಾಲಯ ಕಪ್ತಾನನಿಗೆ 16 ವರ್ಷಗಳ ಸೆರೆವಾಸ ವಿಧಿಸಿತು. ಇಕ್ಕಟ್ಟಿನ ಜಾಗದಲ್ಲಿ ಸಾಗುವಾಗ ಕೆಲಸವಿಲ್ಲದವರು ಬ್ರಿಜ್‌ನಲ್ಲಿ ಇರಕೂಡದೆಂದು ವಿಹಾರ ನೌಕೆಗಳ ಸಂಘ 2012ರಲ್ಲಿಯೇ ನಿಯಮ ಮಾಡಿತು. ನೋಡಲು ಹೋದವರು ಹಿಂದೆ ಸರಿದು, ಮಾತು ಕಡಮೆ ಮಾಡಿ ಏಕೆ ನಿಲ್ಲಬೇಕೆಂಬುದು ಈಗ ತಿಳಿಯಿತಲ್ಲವೇ?

ಇನ್ನೊಂದು ನಮ್ಮ ದೇಶದ್ದು. 2015ರ ಜೂನ್ ತಿಂಗಳಲ್ಲಿ ಬಂಗಾಳ ಕೊಲ್ಲಿಯ ಬಿರುಗಾಳಿಯಲ್ಲಿ ‘ದುರ್ಗಮ್ಮ’ ಎಂಬ ಮೀನುದೋಣಿ ಎಂಜಿನ್ ಕೆಟ್ಟು ಏಳು ಜನರೊಡನೆ ತೇಲುತ್ತಿತ್ತು. ‘ಸಂಪೂರ್ಣ ಸ್ವರಾಜ್ಯ’ ಎಂಬ ತೈಲದ ಹಡಗಿನ ಎರಡನೆಯ ಅಧಿಕಾರಿ ಸುಮಾರು ಎರಡೂವರೆ ಕಿಲೋಮೀಟರ್ ದೂರದಿಂದ ಅದನ್ನು ಕಂಡು ತಿಳಿಸಿದ. ಕಪ್ತಾನರಾಗಿದ್ದ ರಾಧಿಕಾ ಮೆನನ್ ಅವರು ಹಡಗನ್ನು ಆ ಕಡೆಗೆ ತಿರುಗಿಸಿ, ಎತ್ತರದ ಅಲೆಗಳ ನಡುವೆ ಏಳು ಜನರನ್ನೂ ಉಳಿಸಿದರು. 2016ರಲ್ಲಿ ಅಂತರರಾಷ್ಟ್ರೀಯ ಕಡಲ ಸಂಘಟನೆಯ ಶೌರ್ಯ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ಕಂಡವನು ಕಂಡದ್ದನ್ನು ಹೇಳಿದ, ಹಿರಿಯರು ಕಿವಿಗೊಟ್ಟರು, ಏಳು ಮನೆಗಳ ದೀಪ ಆರಲಿಲ್ಲ.

8. ನಮಗೆ ಇದರಿಂದ ಏನು?

ತರಗತಿಯಲ್ಲಿ ‘ಅರ್ಥವಾಯಿತೇ?’ ಎಂದು ಕೇಳಿದರೆ ‘ಆಯಿತು ಸಾರ್’ ಎಂದು ಒಕ್ಕೊರಲಿನ ಉತ್ತರ ಬರುತ್ತದೆ. ‘ಏನು ಅರ್ಥವಾಯಿತು, ಹೇಳು’ ಎಂದರೆ ಮೌನ. ಮಕ್ಕಳೇ, ಬ್ರಿಜ್‌ನ ನಿಯಮವನ್ನು ಇಲ್ಲಿಯೂ ಪಾಲಿಸಿರಿ. ಕೇಳಿದ್ದನ್ನು ನಿಮ್ಮ ಬಾಯಿಂದ ಮರಳಿ ಹೇಳಿರಿ. ತಿಳಿಯದಿದ್ದರೆ ಐದು ಕೊಂಬು ಊದಿರಿ. ಇದು ಔಷಧದ ಅಂಗಡಿಯಲ್ಲಿ ಎಷ್ಟು ಗುಳಿಗೆ, ಯಾವ ಹೊತ್ತಿಗೆ ಎಂದು ಕೇಳುವಾಗಲೂ, ಬ್ಯಾಂಕಿನಲ್ಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮೊದಲೂ ಬೇಕಾದ ಅಭ್ಯಾಸ.

ತಂದೆತಾಯಿಗಳಲ್ಲಿ ಒಂದು ಮಾತು. ಎದುರು ಪ್ರಶ್ನೆ ಕೇಳುವ ಮಗು ಉದ್ಧಟ ಮಗುವಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು, ಪುಸ್ತಕದಲ್ಲಿ ಇಂಗ್ಲಿಷ್ ಎಂದು ನಮ್ಮ ಮಕ್ಕಳು ಚಿಕ್ಕಂದಿನಿಂದಲೇ ಮೂರು ಭಾಷೆಗಳ ನಡುವೆ ನಡೆಯುತ್ತಾರೆ. ‘ಏನಂದಿರಿ?’ ಎಂದು ಕೇಳಿ ತಿಳಿಯುವ ಅಭ್ಯಾಸವೊಂದಿದ್ದರೆ ಇದು ಹೊರೆಯಲ್ಲ, ಬಲ. ಕನ್ನಡದಲ್ಲಿ ಓದಿದ ಮಾತ್ರಕ್ಕೆ ಹಡಗಿನ ಬಾಗಿಲು ಮುಚ್ಚುವುದಿಲ್ಲ. ಅಧಿಕಾರಿಯಾಗಲು ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳಲ್ಲಿಯೂ ಇಂಗ್ಲಿಷಿನಲ್ಲಿಯೂ ಒಳ್ಳೆಯ ಅಂಕ ಬೇಕು, ಕಣ್ಣು ಚೆನ್ನಾಗಿರಬೇಕು. 2008ರಲ್ಲಿ ಸ್ಥಾಪನೆಯಾದ ಭಾರತೀಯ ಕಡಲ ವಿಶ್ವವಿದ್ಯಾಲಯದ ಕೇಂದ್ರ ನಮ್ಮ ರಾಜ್ಯದ ಚೆನ್ನೈಯಲ್ಲಿಯೇ ಇದೆ. ಪ್ರವೇಶ ಪರೀಕ್ಷೆಯನ್ನು ಅದೇ ನಡೆಸುತ್ತದೆ. ಆದರೆ ಹಡಗಿನಲ್ಲಿ ಕೆಲಸ ಕೊಡಿಸುತ್ತೇನೆಂದು ಮುಂಗಡ ಹಣ ಕೇಳುವವರ ಕೈಗೆ ಜಮೀನು ಅಡವಿಟ್ಟ ದುಡ್ಡನ್ನು ಕೊಡಬೇಡಿರಿ. ನೇಮಕ ಮಾಡುವ ಸಂಸ್ಥೆಗೆ ಕೇಂದ್ರ ಸರಕಾರದ ಪರವಾನಗಿ ಇದೆಯೇ ಎಂದು ಮೊದಲು ವಿಚಾರಿಸಿರಿ. ಇಲ್ಲಿಯೂ ಬೇಕಾದದ್ದು ಅದೇ ಮರುಪ್ರಶ್ನೆ.

ಹಡಗಿನ ಒಳಭಾಗವನ್ನು ಕಣ್ಣಾರೆ ನೋಡಬೇಕೆನ್ನುವವರಿಗೆ ಕಾರವಾರದ ಕಡಲತೀರದಲ್ಲಿ ‘ಚಪಲ್’ ಎಂಬ ಯುದ್ಧನೌಕೆಯನ್ನು ದಡದ ಮೇಲೆ ನಿಲ್ಲಿಸಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. 1976ರಲ್ಲಿ ನೌಕಾಪಡೆ ಸೇರಿ 2005ರಲ್ಲಿ ನಿವೃತ್ತಿಯಾದ, ಸುಮಾರು 39 ಮೀಟರ್ ಉದ್ದದ ಕ್ಷಿಪಣಿ ದೋಣಿಯದು. ವಿಹಾರ ನೌಕೆಯ ವೈಭವ ಅಲ್ಲಿಲ್ಲ. ಆದರೆ ಎಷ್ಟು ಕಿರಿದಾದ ಜಾಗದಲ್ಲಿ ಎಷ್ಟು ಜನ ಒಬ್ಬರ ಮಾತನ್ನೊಬ್ಬರು ನಂಬಿ ಬದುಕಿದ್ದರೆಂಬುದು ಒಳಗೆ ನಿಂತರೆ ತಿಳಿಯುತ್ತದೆ. ಶಾಲಾ ಪ್ರವಾಸಕ್ಕೆ ಇದು ತಕ್ಕ ಸ್ಥಳ.

ಅಭ್ಯಾಸ

1. ಬ್ರಿಜ್ 36 ಮೀಟರ್ ಎತ್ತರದಲ್ಲಿದ್ದರೆ ದಿಗಂತ ಎಷ್ಟು ದೂರ?
2. ಹದಿನೈದು ನಾಟ್ ವೇಗವನ್ನು ಕಿಲೋಮೀಟರಿಗೆ ಪರಿವರ್ತಿಸಿರಿ.
3. ಕಿವಿಗೆ ಒಂದೇ ತರ ಕೇಳಿಸಿ ಅರ್ಥ ಬೇರೆಯಾಗುವ ಹತ್ತು ಜೋಡಿ ಕನ್ನಡ ಶಬ್ದಗಳನ್ನು ಬರೆಯಿರಿ.
4. ಹತ್ತು ಜನ ಸಾಲಾಗಿ ನಿಂತು ಒಂದು ವಾಕ್ಯವನ್ನು ಕಿವಿಯಿಂದ ಕಿವಿಗೆ ದಾಟಿಸಿರಿ. ಎರಡನೆಯ ಸಲ ಪ್ರತಿಯೊಬ್ಬರೂ ಮರುನುಡಿದು ಒಪ್ಪಿಗೆ ಪಡೆದ ಮೇಲೆ ದಾಟಿಸಿರಿ. ಎರಡು ಸಲವೂ ಕೊನೆಗೆ ಉಳಿದ ವಾಕ್ಯವನ್ನು ಬರೆದು ಹೋಲಿಸಿರಿ.